ತೊರೆ, ಏತ ಮತ್ತು ಉಪ್ಪಿನ ಹಬ್ಬ

ವಿಜ್ಞಾನ ಸಾಹಿತ್ಯ: ಅಧ್ಯಯನ ಲೇಖನ

ನೀಲಗಿರಿಯ ಕೋತಗಿರಿ ಸೀಮೆಯ ಕೂಕಲ್ತೊರೈ ಇಂದು ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ, ಎಲೆಕೋಸುಗಳನ್ನು ಬೆಳೆಯುವ ಊರು. ಸುತ್ತಲಿನದು ಬಡಗರ ಹಟ್ಟಿಗಳ ನಾಡು. ಬಡಗಣ ದಿಕ್ಕಿನಿಂದ ಬಂದವರು ಎಂಬ ಅರ್ಥವನ್ನು ಹೆಸರಿನಲ್ಲಿಯೇ ಹೊತ್ತ ಈ ಜನರ ನುಡಿ ಕನ್ನಡಕ್ಕೆ ಅತ್ಯಂತ ಸಮೀಪವಾದುದು. ಚಹ ಮತ್ತು ತರಕಾರಿ ಬೆಟ್ಟಗಳನ್ನು ಆವರಿಸುವ ಮೊದಲು ಇಲ್ಲಿ ದನ ಮತ್ತು ಎಮ್ಮೆಗಳೇ ಸಂಪತ್ತಾಗಿದ್ದವು. ಬಡಗರ ಆಚರಣೆಗಳಲ್ಲಿ ದನಗಳಿಗೆ ಉಪ್ಪುನೀರು ಕುಡಿಸುವ ಹಬ್ಬವೊಂದಿದೆ. ನೆರೆಯ ತೋದರೂ ಎಮ್ಮೆಗಳಿಗೆ ವಿಧಿಪೂರ್ವಕವಾಗಿ ಉಪ್ಪು ಕೊಡುತ್ತಿದ್ದರು; ಡಬ್ಲ್ಯೂ. ಎಚ್. ಆರ್. ರಿವರ್ಸ್ ಅವರು 1906ರಲ್ಲಿ ಪ್ರಕಟಿಸಿದ ತೋದರ ಕುರಿತಾದ ಗ್ರಂಥದಲ್ಲಿ ಇದರ ವಿವರಗಳು ದೊರೆಯುತ್ತವೆ.

ಹಬ್ಬದ ಭಾವ ಕೃತಜ್ಞತೆಯದು. ಅದನ್ನು ಶರೀರಶಾಸ್ತ್ರದ ಪಾಠವಾಗಿ ಇಳಿಸಬೇಕಾಗಿಲ್ಲ. ಆದರೂ ಅದರ ಎದುರು ಒಂದು ಸರಳ ಪ್ರಶ್ನೆಯನ್ನಿಡಬಹುದು. ಅದೇ ಮಣ್ಣು, ಅದೇ ಮಳೆ, ಅದೇ ಬೆಟ್ಟ. ಹುಲ್ಲಿಗೆ ಯಾರೂ ಉಪ್ಪು ಕೊಡುವುದಿಲ್ಲ, ಕ್ಯಾರೆಟ್ಟಿಗೂ ಕೊಡುವುದಿಲ್ಲ. ಅವು ಸೊಂಪಾಗಿ ಬೆಳೆಯುತ್ತವೆ. ಆ ಹುಲ್ಲನ್ನೇ ಹೊಟ್ಟೆ ತುಂಬ ಮೇಯುವ ದನಕ್ಕೆ ಮಾತ್ರ ಉಪ್ಪು ಬೇಕು. ಏಕೆ? ಉತ್ತರವಿರುವುದು ಜೀವಕೋಶದ ಹೊಸ್ತಿಲಿನಲ್ಲಿ, ಅಲ್ಲಿ ಕಾವಲಿರುವ ಪ್ರೋಟೀನುಗಳಲ್ಲಿ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ಎರಡು ಪಟ್ಟು ಉಪಯುಕ್ತವಾದ ವಿಷಯ. ವಿಜ್ಞಾನ ತಿಳಿಯುತ್ತದೆ, ಆ ವಿಜ್ಞಾನವನ್ನು ಕನ್ನಡದಲ್ಲಿ ಹೇಳುವಾಗ ಒಂದೊಂದು ಪದ ಎಷ್ಟು ಬೆಳಕು ಚೆಲ್ಲುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದೂ ತಿಳಿಯುತ್ತದೆ.

1. ಪೊರೆ

ಜೀವಕೋಶದ ಹೊರಾವರಣಕ್ಕೆ ಕನ್ನಡದಲ್ಲಿ ‘ಕೋಶಪೊರೆ’ ಎಂಬ ಹೆಸರು ನಿಂತಿದೆ. ಹಾವು ಕಳಚುವ ಪೊರೆ, ಕಣ್ಣಿಗೆ ಬರುವ ಪೊರೆ ಎಲ್ಲರಿಗೂ ಪರಿಚಿತ. ‘ಪೊರೆ’ ಎಂಬುದು ಕ್ರಿಯಾಪದವೂ ಹೌದು. ಕಾಪಾಡು, ಸಲಹು ಎಂದು ಅದರ ಅರ್ಥ. ಎರಡಕ್ಕೂ ಮೂಲ ಒಂದೇ ಎಂದು ಸಾಧಿಸಬೇಕಾಗಿಲ್ಲ. ಕೋಶಪೊರೆ ಮಾಡುವ ಕೆಲಸಕ್ಕೆ ಎರಡು ಅರ್ಥಗಳೂ ಹೊಂದುತ್ತವೆ ಎಂಬುದನ್ನು ಗಮನಿಸಿದರೆ ಸಾಕು.

ಈ ಪೊರೆ ಅತಿ ತೆಳುವಾದುದು. ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದರಂತೆ ಜೋಡಿಸಿದರೆ ಸುಮಾರು ಒಂದು ಮಿಲಿಮೀಟರ್ ದಪ್ಪವಾದೀತು. ಅದರ ಮೈ ಮೇದಸ್ಸಿನ ಅಣುಗಳ ಎರಡು ಸಾಲುಗಳಿಂದಾಗಿದೆ. ಪ್ರತಿ ಅಣುವಿನ ತಲೆ ನೀರನ್ನು ಬಯಸುತ್ತದೆ, ಬಾಲ ನೀರನ್ನು ದೂರವಿಡುತ್ತದೆ. ಆದುದರಿಂದ ತಲೆಗಳು ಹೊರಕ್ಕೂ ಒಳಕ್ಕೂ ಮುಖ ಮಾಡಿ, ಬಾಲಗಳು ನಡುವೆ ಅಡಗುತ್ತವೆ. ಎರಡು ಸಾಲಿನ ಈ ರಚನೆಯನ್ನು 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಸೂಚಿಸಿದರು. ಆ ಮೇದಸ್ಸಿನ ಹಾಸಿನಲ್ಲಿ ಪ್ರೋಟೀನುಗಳು ಅಲ್ಲಲ್ಲಿ ನೆಟ್ಟುಕೊಂಡಿರುವ, ಸರಿದಾಡುವ ಚಿತ್ರವನ್ನು ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಮುಂದಿಟ್ಟರು.

ಎಣ್ಣೆಯಂತಹ ಈ ನಡುಪದರವನ್ನು ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಸುಲಭವಾಗಿ ದಾಟುತ್ತವೆ. ಉಪ್ಪಿನ ಅಯಾನುಗಳು, ಸಕ್ಕರೆ, ಅಮೈನೋ ಆಮ್ಲಗಳು ದಾಟಲಾರವು. ಹೀಗೆ ತಡೆಯುವ ಗುಣವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಬೀಟ್‌ರೂಟಿನ ಹೋಳುಗಳನ್ನು ಚೆನ್ನಾಗಿ ತೊಳೆದು ತಣ್ಣೀರಿನಲ್ಲಿಟ್ಟರೆ ನೀರಿಗೆ ಬಣ್ಣ ಹತ್ತುವುದು ಅತ್ಯಲ್ಪ. ಕುದಿಯುವ ನೀರಿಗೆ ಹಾಕಿದರೆ ನೀರೆಲ್ಲ ಕೆಂಪಾಗುತ್ತದೆ. ಬಣ್ಣವಿರುವುದು ಕೋಶದೊಳಗಿನ ರಸದ ಚೀಲದಲ್ಲಿ. ಪೊರೆಗಳು ಗಟ್ಟಿಯಾಗಿರುವವರೆಗೆ ಅದು ಒಳಗೇ ಉಳಿಯುತ್ತದೆ. ಶಾಖದಿಂದ ಪೊರೆ ಕೆಟ್ಟಾಗ ಹೊರಗೆ ಸುರಿಯುತ್ತದೆ. ಸತ್ತ ಕೋಶದಲ್ಲಿ ನಡೆಯುವುದು ಸೋರಿಕೆ. ಬದುಕಿರುವ ಕೋಶದಲ್ಲಿ ನಡೆಯುವುದು ಸಾಗಣೆ. ಎರಡರ ನಡುವಣ ಅಂತರವೇ ಈ ಪಾಠದ ತಿರುಳು.

2. ತೊರೆ

ಪೊರೆಯನ್ನು ಆರಪಾರವಾಗಿ ಹಾಯ್ದು ನಿಂತಿರುವ ಕೆಲವು ಪ್ರೋಟೀನುಗಳ ನಡುವೆ ಕಿರಿದಾದ ಹಾದಿಯಿರುತ್ತದೆ. ವಸ್ತು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅದರ ಮೂಲಕ ತಾನಾಗಿಯೇ ಹರಿಯುತ್ತದೆ. ಕೂಕಲ್ತೊರೈ ಎಂಬ ಹೆಸರು ಕೇಳಿದ ಕನ್ನಡದ ಕಿವಿಗೆ ಹೊಳೆಯುವುದು ‘ತೊರೆ’. ತೊರೆ ಇಳಿಜಾರಿನಲ್ಲಿ ಹರಿಯುತ್ತದೆ, ಯಾರೂ ನೂಕಬೇಕಾಗಿಲ್ಲ. ಈ ಬಗೆಯ ಪ್ರೋಟೀನುಗಳಿಗೆ ‘ಕಾಲುವೆ’ ಅಥವಾ ‘ನಾಲೆ’ ಎಂಬ ಪದ ಸಲ್ಲುತ್ತದೆ, ಏಕೆಂದರೆ ಇಲ್ಲಿಯೂ ಹರಿವಿಗೆ ಬೇಕಾದುದು ಇಳಿಜಾರು ಮತ್ತು ತೆರೆದ ದಾರಿ, ಇವೆರಡೇ.

ನೀರಿನ ಕಾಲುವೆಯಾದ ಅಕ್ವಪೋರಿನ್ ಎಂಬ ಪ್ರೋಟೀನನ್ನು ಪೀಟರ್ ಆಗ್ರೆ ಅವರ ತಂಡ ಕೆಂಪು ರಕ್ತಕಣಗಳ ಅಧ್ಯಯನದಿಂದ ಕಂಡುಕೊಂಡು, 1992ರಲ್ಲಿ ಅದು ನೀರನ್ನು ಸಾಗಿಸುತ್ತದೆ ಎಂದು ತೋರಿಸಿತು. ಅಂತಹ ಒಂದು ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಹಾಯಬಲ್ಲವು. ಬೇರಿನ ಕೋಶಗಳಲ್ಲಿಯೂ ಮೂತ್ರಪಿಂಡದಲ್ಲಿಯೂ ಇದೇ ಕುಟುಂಬದ ಪ್ರೋಟೀನುಗಳಿವೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯ ಹಿಂದಿರುವ ಶರೀರಧರ್ಮವೂ ಇದಕ್ಕೆ ಸಂಬಂಧಿಸಿದುದು: ಉಪ್ಪು ಹೆಚ್ಚಿರುವ ಕಡೆಗೆ ನೀರು ಪೊರೆಯನ್ನು ದಾಟಿ ಸರಿಯುತ್ತದೆ.

ಕಾಲುವೆ ಎಂದರೆ ಬರಿಯ ತೂತು ಎಂದು ತಿಳಿಯಬಾರದು. ಪೊಟ್ಯಾಸಿಯಂ ಕಾಲುವೆಯನ್ನೇ ನೋಡಬಹುದು. ಸೋಡಿಯಂ ಅಯಾನು ಪೊಟ್ಯಾಸಿಯಂ ಅಯಾನಿಗಿಂತ ಚಿಕ್ಕದು. ತೂತಾಗಿದ್ದರೆ ದೊಡ್ಡದು ಹೋಗುವಲ್ಲಿ ಚಿಕ್ಕದೂ ಹೋಗಬೇಕು. ವಾಸ್ತವದಲ್ಲಿ ದೊಡ್ಡದಾದ ಪೊಟ್ಯಾಸಿಯಂ ಹಾಯುತ್ತದೆ, ಚಿಕ್ಕದಾದ ಸೋಡಿಯಂ ತಡೆಯಲ್ಪಡುತ್ತದೆ. ಈ ಒಗಟನ್ನು ರೊಡೆರಿಕ್ ಮೆಕಿನನ್ 1998ರಲ್ಲಿ ಬಿಡಿಸಿದರು. ಅಯಾನುಗಳು ನೀರಿನ ಅಣುಗಳನ್ನು ಹೊದ್ದು ತಿರುಗುತ್ತವೆ. ಇಕ್ಕಟ್ಟಾದ ದಾರಿಯಲ್ಲಿ ಆ ಹೊದಿಕೆಯನ್ನು ಕಳಚಬೇಕು. ಕಾಲುವೆಯ ಒಳಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ ನಿಂತು, ಕಳಚಿದ ಹೊದಿಕೆಯ ಬದಲಿಗೆ ಅದನ್ನು ಹಿಡಿದುಕೊಳ್ಳುತ್ತವೆ. ಸೋಡಿಯಂಗೆ ಆ ಅಳತೆ ಸಡಿಲವಾಗುತ್ತದೆ; ಹೊದಿಕೆ ಕಳಚುವ ನಷ್ಟ ತುಂಬುವುದಿಲ್ಲ; ಆದುದರಿಂದ ಅದು ಒಳಬರುವುದಿಲ್ಲ. ಆಗ್ರೆ ಮತ್ತು ಮೆಕಿನನ್ ಇಬ್ಬರಿಗೂ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

3. ಏತ

ತೊರೆಯ ನಿಯಮವೊಂದೇ ಇದ್ದಿದ್ದರೆ ಒಳಗೂ ಹೊರಗೂ ಎಲ್ಲವೂ ಸಮನಾಗಿ ಹರಿವು ನಿಂತುಹೋಗುತ್ತಿತ್ತು. ಜೀವಂತ ಕೋಶದಲ್ಲಿ ಹಾಗಾಗುವುದಿಲ್ಲ. ಸಸ್ತನಿಗಳ ಸ್ನಾಯುಕೋಶ, ನರಕೋಶಗಳಲ್ಲಿ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಹೊರಗಿನದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಈ ಅಸಮತೆಯನ್ನು ಕಾಯಲು ಯಾರೋ ದುಡಿಯುತ್ತಿರಬೇಕು.

ಬಾವಿಯ ನೀರು ಗದ್ದೆಗೆ ಏರಬೇಕಾದರೆ ತೊರೆ ಸಾಲದು, ಏತ ಬೇಕು. ಏತಕ್ಕೆ ಆಳು ಬೇಕು. ಆಳಿಗೆ ಕೂಳು ಬೇಕು. ಕೋಶಪೊರೆಯ ಏತವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ ಅವರು ಏಡಿಯ ನರಗಳಲ್ಲಿ ಕಂಡು 1957ರಲ್ಲಿ ಪ್ರಕಟಿಸಿದರು. 1997ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಸೋಡಿಯಂ-ಪೊಟ್ಯಾಸಿಯಂ ಪಂಪು ಎಂದು ಹೆಸರಾದ ಈ ಪ್ರೋಟೀನು ಒಂದು ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಅದಕ್ಕೆ ಎಟಿಪಿ ಎಂಬ ಶಕ್ತಿವಾಹಿ ಅಣುವೊಂದು ಖರ್ಚಾಗುತ್ತದೆ. ದೇಹ ಸುಮ್ಮನೆ ಮಲಗಿದ್ದಾಗಲೂ ಬಳಕೆಯಾಗುವ ಶಕ್ತಿಯಲ್ಲಿ ದೊಡ್ಡ ಪಾಲು, ಸುಮಾರು ಐದನೆಯ ಒಂದು ಭಾಗ, ಈ ಏತವನ್ನು ತುಳಿಯುವುದಕ್ಕೇ ವೆಚ್ಚವಾಗುತ್ತದೆ.

ಪಾಠಪುಸ್ತಕಗಳು ಕಾಲುವೆಯ ಹರಿವನ್ನು ‘ನಿಷ್ಕ್ರಿಯ ಸಾಗಣೆ’ ಎಂದೂ ಪಂಪಿನ ಕೆಲಸವನ್ನು ‘ಸಕ್ರಿಯ ಸಾಗಣೆ’ ಎಂದೂ ಕರೆಯುತ್ತವೆ. ಪದಗಳು ಸರಿಯೇ. ಆದರೆ ಅವುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಏರು ಮತ್ತು ಇಳಿಜಾರಿನ ಚಿತ್ರ ಕಣ್ಣಿಗೆ ಕಟ್ಟದಿದ್ದರೆ ವ್ಯಾಖ್ಯೆ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ತೊರೆ ಮತ್ತು ಏತ ಎಂಬ ಜೋಡಿ ಆ ಚಿತ್ರವನ್ನು ಕೊಡುತ್ತದೆ.

4. ಹುಲ್ಲಿನ ನಾಣ್ಯ, ದನದ ನಾಣ್ಯ

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕೋಶವು ಶ್ರಮಪಟ್ಟು ಒಂದು ಅಯಾನನ್ನು ಹೊರಗೆ ಕೂಡಿಡುವುದು ವ್ಯರ್ಥವಲ್ಲ. ಎತ್ತರದ ಕೆರೆಯ ನೀರಿನಂತೆ ಅದು ಸಂಗ್ರಹವಾದ ಶಕ್ತಿ. ಆ ಅಯಾನು ಮರಳಿ ಒಳಗೆ ಇಳಿಯುವಾಗ ಅದರ ಬಲದಿಂದ ಬೇರೆ ವಸ್ತುಗಳನ್ನು ಒಳಗೆ ಎಳೆದುಕೊಳ್ಳಬಹುದು. ಎಲ್ಲ ಜೀವಿಗಳೂ ಈ ಉಪಾಯವನ್ನು ಬಳಸುತ್ತವೆ. ಆದರೆ ಚಲಾವಣೆಯ ನಾಣ್ಯ ಎಲ್ಲೆಡೆಯೂ ಒಂದೇ ಅಲ್ಲ.

ಸಸ್ಯಗಳ ನಾಣ್ಯ ಹೈಡ್ರೋಜನ್ ಅಯಾನು, ಅಂದರೆ ಪ್ರೋಟಾನು. ಕ್ಯಾರೆಟ್ಟಿನ ಬೇರಿನ ಕೋಶವು ಪ್ರೋಟಾನುಗಳನ್ನು ಹೊರಕ್ಕೆ ಪಂಪು ಮಾಡುತ್ತದೆ. ಅದರಿಂದ ಪೊರೆಯ ಒಳಭಾಗ ಋಣವಿದ್ಯುತ್ತಿನದಾಗಿ, ಧನವಿದ್ಯುತ್ತಿನ ಪೊಟ್ಯಾಸಿಯಂ ಒಳಗೆ ಸೆಳೆಯಲ್ಪಡುತ್ತದೆ. ನೈಟ್ರೇಟು ಮರಳುವ ಪ್ರೋಟಾನುಗಳ ಜೊತೆಗೂಡಿ ಒಳಬರುತ್ತದೆ. ಪ್ರೋಟಾನುಗಳಿಗೆ ಕೊರತೆಯಿಲ್ಲ, ನೀರಿರುವಲ್ಲೆಲ್ಲ ಅವು ದೊರೆಯುತ್ತವೆ. ಆದುದರಿಂದ ಹೆಚ್ಚಿನ ಸಸ್ಯಗಳಿಗೆ ಸೋಡಿಯಂ ಅನಿವಾರ್ಯವಲ್ಲ. ಬೀಟ್‌ರೂಟ್ ಮಾತ್ರ ಸ್ವಲ್ಪ ಭಿನ್ನ: ಅದರ ಪೂರ್ವಜ ಕಡಲಂಚಿನ ಕಾಡು ಬೀಟ್, ಸೋಡಿಯಂ ಸಿಕ್ಕಿದರೆ ಅದು ಚೆನ್ನಾಗಿಯೇ ಬಳಸಿಕೊಳ್ಳುತ್ತದೆ.

ಪ್ರಾಣಿಗಳ ನಾಣ್ಯ ಸೋಡಿಯಂ. ನರದ ಸಂದೇಶ, ಸ್ನಾಯುವಿನ ಸೆಳೆತ, ಕರುಳಿನ ಹೀರಿಕೆ, ಮೂತ್ರಪಿಂಡದ ಶೋಧನೆ ಎಲ್ಲವೂ ಅದರ ಮೇಲೆ ನಿಂತಿವೆ. ಇಲ್ಲಿಯೇ ತೊಡಕು ಹುಟ್ಟುತ್ತದೆ. ಸೋಡಿಯಂ ಅಯಾನನ್ನು ಮಣ್ಣಿನ ಕಣಗಳು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಮಳೆ ಹೆಚ್ಚಿರುವ ಬೆಟ್ಟಗಳಲ್ಲಿ ಅದು ತೊಳೆದುಹೋಗುತ್ತದೆ. ಹುಲ್ಲಿಗೆ ಅದು ಬೇಡವಾದುದರಿಂದ ಹುಲ್ಲು ಅದನ್ನು ಕೂಡಿಡುವುದಿಲ್ಲ. ಕೊನೆಗೆ ಮೇಯುವ ದನದ ಪಾಲಿಗೆ ಪೊಟ್ಯಾಸಿಯಂ ಹೇರಳ, ಸೋಡಿಯಂ ವಿರಳ. ಅದರ ಅಗತ್ಯವಾದರೋ ದೊಡ್ಡದು. ಮೆಲುಕು ಹಾಕುವ ಹಸು ದಿನಕ್ಕೆ ನೂರು ಲೀಟರಿಗೂ ಮಿಗಿಲಾಗಿ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಇದ್ದು, ಮೊದಲ ಜಠರದಲ್ಲಿ ಹುಟ್ಟುವ ಹುಳಿಯನ್ನು ಶಮನಗೊಳಿಸುತ್ತದೆ.

ಸೋಡಿಯಂ ಕೊರತೆಯಾದಾಗ ಪ್ರಾಣಿಯ ದೇಹ ಸುಮ್ಮನಿರುವುದಿಲ್ಲ. ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಅದರ ಆಣತಿಯಂತೆ ಮೂತ್ರಪಿಂಡದ ಮತ್ತು ಜೊಲ್ಲುನಾಳದ ಕೋಶಗಳು ಸೋಡಿಯಂ ಕಾಲುವೆಗಳನ್ನೂ ಪಂಪುಗಳನ್ನೂ ಹೆಚ್ಚಿಸಿ, ಹೊರಹೋಗುವ ಸೋಡಿಯಂನ್ನು ಮರಳಿ ಹಿಡಿಯುತ್ತವೆ. ಜೊಲ್ಲಿನಲ್ಲಿ ಸೋಡಿಯಂ ಇಳಿದು ಅದರ ಸ್ಥಾನವನ್ನು ಪೊಟ್ಯಾಸಿಯಂ ತುಂಬುತ್ತದೆ. ಜೊತೆಗೆ ಉಪ್ಪಿನ ಹಂಬಲ ಹುಟ್ಟುತ್ತದೆ. ಆಸ್ಟ್ರೇಲಿಯದ ಡೆರೆಕ್ ಡೆಂಟನ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಡಿಯಂ ಕಡಿಮೆಯಿರುವ ಬೆಟ್ಟಪ್ರದೇಶದ ಕಾಡು ಮೊಲಗಳೂ ಕಾಂಗರೂಗಳೂ ಇಂತಹ ಹೊಂದಾಣಿಕೆಗಳನ್ನು ತೋರಿದ್ದವು. ನಾಲಗೆಗೆ ಉಪ್ಪಿನ ರುಚಿ ತಿಳಿಯುವುದರಲ್ಲಿಯೂ ಪೊರೆಯ ಸೋಡಿಯಂ ಕಾಲುವೆಯ ಪಾತ್ರವಿದೆ. ಇಲಿಗಳಲ್ಲಿ ಇದು 2010ರ ವೇಳೆಗೆ ಸ್ಪಷ್ಟವಾಯಿತು.

ಉಪ್ಪಿನ ಮೂಲಗಳು ದೂರವಿರುವ ಬೆಟ್ಟದಲ್ಲಿ ಬಯಲಿನಿಂದ ಹೊತ್ತು ತಂದ ಉಪ್ಪು ಬೆಲೆಯುಳ್ಳ ವಸ್ತು. ಅದನ್ನು ದನಕ್ಕೆ ಮೀಸಲಿಟ್ಟು, ಅದಕ್ಕೊಂದು ದಿನವನ್ನೂ ವಿಧಿಯನ್ನೂ ಗೊತ್ತುಮಾಡಿದ ಜನ ಸೋಡಿಯಂ ಎಂಬ ಹೆಸರನ್ನು ಕೇಳಿರಲಿಲ್ಲ. ಆದರೆ ದನದ ನಡೆಯನ್ನು ತಲೆಮಾರುಗಳ ಕಾಲ ಕಣ್ಣಾರೆ ಕಂಡಿದ್ದರು. ಹುಲ್ಲಿಗೂ ದನಕ್ಕೂ ಇರುವ ವ್ಯತ್ಯಾಸವನ್ನು ಅವರ ಹಬ್ಬ ಮೊದಲೇ ಬಲ್ಲದು. ವಿಜ್ಞಾನ ಅದರ ಕಾರಣವನ್ನು ಪೊರೆಯಲ್ಲಿ ತೋರಿಸಿಕೊಟ್ಟಿತು.

5. ‘ವಾಹಕ’ ಎಂಬ ಪದದ ಇಕ್ಕಟ್ಟು

ಕಾಲುವೆಯೂ ಅಲ್ಲದ, ಎಟಿಪಿಯನ್ನು ನೇರವಾಗಿ ಬಳಸುವ ಪಂಪೂ ಅಲ್ಲದ ಮೂರನೆಯ ಗುಂಪಿನ ಪ್ರೋಟೀನುಗಳಿಗೆ ‘ವಾಹಕ’ ಎಂಬ ಹೆಸರಿದೆ. ವಾಹಕ ಎಂದೊಡನೆ ದೋಣಿ, ಬಂಡಿ, ಹೊರೆಯಾಳು ನೆನಪಾಗುವುದು ಸಹಜ. ಪ್ರೋಟೀನು ಸಕ್ಕರೆಯನ್ನು ಹೊತ್ತು ಈ ದಡದಿಂದ ಆ ದಡಕ್ಕೆ ಹೋಗುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಅದು ತಪ್ಪು ಚಿತ್ರ. ವಾಹಕ ಪ್ರೋಟೀನು ತನ್ನ ಸ್ಥಳ ಬಿಟ್ಟು ಪೊರೆಯನ್ನು ದಾಟುವುದಿಲ್ಲ. ನಿಂತಲ್ಲಿಯೇ ರೂಪ ಬದಲಿಸುತ್ತದೆ.

ಹಳೆಯ ಕೋಟೆಗಳಲ್ಲಿ ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಕಿರಿದಾದ ಅಂಗಳ ಇರುವುದುಂಟು. ಹೊರಬಾಗಿಲು ತೆರೆದಾಗ ಒಳಬಾಗಿಲು ಮುಚ್ಚಿರುತ್ತದೆ. ಬಂದವನು ಅಂಗಳ ಸೇರಿದ ಮೇಲೆ ಹೊರಬಾಗಿಲನ್ನು ಮುಚ್ಚಿ ಒಳಬಾಗಿಲನ್ನು ತೆರೆಯುತ್ತಾರೆ. ವಾಹಕದ ಕ್ರಮವೂ ಹೀಗೆಯೇ. ಈ ವಿಚಾರವನ್ನು ಓಲೆಗ್ ಯಾರ್ಡೆಟ್ಸ್ಕಿ 1966ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಎರಡೂ ಬಾಗಿಲು ಒಮ್ಮೆಗೇ ತೆರೆದರೆ ಕೋಟೆ ಕೋಟೆಯಾಗಿ ಉಳಿಯದು. ಕೂಡಿಟ್ಟ ಏರುಪೇರೆಲ್ಲ ಕ್ಷಣದಲ್ಲಿ ಬರಿದಾಗುತ್ತದೆ.

ಪಾರಿಭಾಷಿಕ ಪದ ನಿಂತುಹೋದ ಮೇಲೆ ಅದನ್ನು ಕೀಳುವುದು ಕಷ್ಟ, ಕೀಳಲೇಬೇಕೆಂದೂ ಇಲ್ಲ. ಆದರೆ ಬರೆಯುವವರು ಆ ಪದದ ನೆರಳು ಎಲ್ಲಿ ಬೀಳುತ್ತದೆಂದು ತಿಳಿದಿರಬೇಕು. ನೆರೆಯ ಮರಾಠಿಯನ್ನು ಹೋಲಿಸಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಮರಾಠಿಯಲ್ಲಿ ಜೀವಕೋಶಕ್ಕೆ ‘ಪೇಶಿ’ ಎನ್ನುತ್ತಾರೆ. ಕನ್ನಡಿಗನಿಗೆ ಅದು ಮಾಂಸಪೇಶಿಯನ್ನು, ಅಂದರೆ ಸ್ನಾಯುವನ್ನು ನೆನಪಿಸುತ್ತದೆ. ಪ್ರೋಟೀನಿಗೆ ಮರಾಠಿ ‘ಪ್ರಥಿನ’ ಎಂದು ಮೂಲದ ಧ್ವನಿಯನ್ನು ಉಳಿಸಿಕೊಂಡಿತು. ಕನ್ನಡ ‘ಸಸಾರಜನಕ’ ಎಂದು ಅದರಲ್ಲಿ ಸಾರಜನಕವಿರುವುದನ್ನು ಹೇಳಿತು. ಒಂದು ಪದ ಧ್ವನಿಯನ್ನು ಹಿಡಿಯಿತು, ಇನ್ನೊಂದು ಘಟಕವನ್ನು ಹಿಡಿಯಿತು. ಆ ವಸ್ತು ಮಾಡುವ ಕೆಲಸ ಎರಡರಲ್ಲಿಯೂ ಕಾಣದು. ಕೆಲಸವನ್ನು ತೋರಿಸುವ ಹೊಣೆ ವಾಕ್ಯದ ಮೇಲೆ, ಅಂದರೆ ಲೇಖಕನ ಮೇಲೆ ಬೀಳುತ್ತದೆ. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರಿಂದ ಹಿಡಿದು ಶಿವರಾಮ ಕಾರಂತ, ಬಿ. ಜಿ. ಎಲ್. ಸ್ವಾಮಿಯವರವರೆಗೆ ಕನ್ನಡ ವಿಜ್ಞಾನ ಬರಹಗಾರರು ಹೊತ್ತುಕೊಂಡದ್ದು ಈ ಹೊಣೆಯನ್ನೇ.

6. ಜೊತೆಸಾಗಣೆ: ಪದವೊಂದು ಜೀವ ಉಳಿಸುವ ಬಗೆ

ಸಣ್ಣ ಕರುಳಿನ ಒಳಪದರದಲ್ಲಿ ವಾಹಕವೊಂದಿದೆ. ಅದರ ನಡು ಅಂಗಳಕ್ಕೆ 2 ಸೋಡಿಯಂ ಅಯಾನುಗಳೂ 1 ಗ್ಲೂಕೋಸ್ ಅಣುವೂ ಬಂದು ಸೇರಿದಾಗ ಒಳಬಾಗಿಲು ತೆರೆದು ಎರಡೂ ಕೂಡಿ ಒಳಸೇರುತ್ತವೆ. ಇಳಿಯುವ ಸೋಡಿಯಂನ ಬಲದಿಂದ ಸಕ್ಕರೆ ಏರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಈ ‘ಜೊತೆಸಾಗಣೆ’ಯ ವಿಚಾರವನ್ನು ಮುಂದಿಟ್ಟರು. ಉಪ್ಪೂ ಸಕ್ಕರೆಯೂ ಒಳಬಂದ ಕಡೆಗೆ ನೀರು ಹಿಂಬಾಲಿಸುತ್ತದೆ.

ಕಾಲರಾದಂತಹ ಭೇದಿಯಲ್ಲಿ ಕರುಳು ನೀರನ್ನು ಹೊರಸುರಿಯುತ್ತದೆ. ಆದರೆ ಈ ವಾಹಕ ಕೆಲಸ ಬಿಟ್ಟಿರುವುದಿಲ್ಲ. ಬರಿಯ ನೀರು ಕುಡಿಸಿದರೆ ಅದು ದೇಹಕ್ಕೆ ಸಾಕಷ್ಟು ಸೇರದು. ಬರಿಯ ಉಪ್ಪುನೀರೂ ಸೇರದು. ಉಪ್ಪು ಮತ್ತು ಸಕ್ಕರೆ ಜೊತೆಯಾಗಿ, ತಕ್ಕ ಪ್ರಮಾಣದಲ್ಲಿದ್ದರೆ ಬಾಗಿಲು ತೆರೆಯುತ್ತದೆ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ದ್ರಾವಣ ಮುಗಿಯುತ್ತ ಬಂತು. ವೈದ್ಯ ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಲು ನಿರ್ಧರಿಸಿದರು. ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಈ ಚಿಕಿತ್ಸೆಯಿಂದ ಶೇಕಡ 4ಕ್ಕೂ ಕೆಳಗಿಳಿಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಭೇದಿಯಾದ ಕರುವಿಗೂ ಪಶುವೈದ್ಯರು ಇದೇ ತತ್ತ್ವದ ದ್ರಾವಣವನ್ನು ಕುಡಿಸುತ್ತಾರೆ.

ಇಲ್ಲಿ ಭಾಷೆಯ ಹೊಣೆ ಎಷ್ಟೆಂಬುದು ಸ್ಪಷ್ಟವಾಗುತ್ತದೆ. ‘ಸಕ್ಕರೆ ಶಕ್ತಿಗಾಗಿ, ಉಪ್ಪು ರುಚಿಗಾಗಿ’ ಎಂದು ತಿಳಿದ ತಾಯಿ ಎರಡರಲ್ಲೊಂದನ್ನು ಬಿಡಬಹುದು. ‘ಉಪ್ಪು ಒಳ್ಳೆಯದು’ ಎಂದಷ್ಟೇ ಕೇಳಿದವರು ಹಿಡಿ ತುಂಬ ಹಾಕಿ ಮಗುವಿಗೆ ಅಪಾಯ ತರಬಹುದು. ‘ಪೊಟ್ಟಣವನ್ನು ಪೂರ್ತಿಯಾಗಿ, ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ’ ಎಂಬ ವಾಕ್ಯದ ಹಿಂದೆ, ಉಪ್ಪೂ ಸಕ್ಕರೆಯೂ ಕೂಡಿದಾಗ ಮಾತ್ರ ತೆರೆಯುವ ಬಾಗಿಲಿನ ತಿಳಿವಳಿಕೆಯಿದ್ದರೆ ಅದನ್ನು ಯಾರೂ ಮರೆಯುವುದಿಲ್ಲ. ‘ಜೊತೆಸಾಗಣೆ’ ಒಳ್ಳೆಯ ಪದ. ಎರಡೂ ಒಟ್ಟಿಗೆ ಹೋಗುತ್ತವೆ ಎಂಬ ಸಂಗತಿಯನ್ನು ಅದು ತನ್ನ ಸಮಾಸದಲ್ಲಿಯೇ ಹೇಳುತ್ತದೆ.

ದನಕ್ಕೆ ಉಪ್ಪುನೀರು, ಮಗುವಿಗೆ ಉಪ್ಪುಸಕ್ಕರೆ ನೀರು: ಎರಡರ ಹಿಂದೆಯೂ ಇರುವುದು ಸೋಡಿಯಂನ್ನು ಗುರುತಿಸಿ ದಾಟಿಸುವ ಪ್ರೋಟೀನುಗಳೇ. ಬೇರು, ಉಪ್ಪು, ತೊರೆ, ಏತ, ಬಾಗಿಲು ಎಂಬ ಮನೆಮಾತುಗಳಲ್ಲಿ ಈ ಸಂಗತಿಯನ್ನು ಹೇಳಲು ಸಾಧ್ಯ. ಹೇಳುವಾಗ ಪ್ರತಿ ಉಪಮೆಯನ್ನೂ ಅದು ಎಲ್ಲಿಯವರೆಗೆ ನಿಜ ಎಂದು ಪರೀಕ್ಷಿಸಬೇಕು.

ಅಭ್ಯಾಸ

1. ‘ಸೋರಿಕೆ’ ಮತ್ತು ‘ಸಾಗಣೆ’ ಪದಗಳ ವ್ಯತ್ಯಾಸವನ್ನು ಬೀಟ್‌ರೂಟಿನ ಉದಾಹರಣೆಯಿಂದ ವಿವರಿಸಿರಿ.
2. ‘ಕಾಲುವೆ’ ಎಂಬ ಪದ ಪೊಟ್ಯಾಸಿಯಂ ಕಾಲುವೆಯ ಯಾವ ಗುಣವನ್ನು ತೋರಿಸುತ್ತದೆ, ಯಾವುದನ್ನು ಮರೆಮಾಡುತ್ತದೆ?
3. ‘ವಾಹಕ’ಕ್ಕೆ ಬದಲಾಗಿ ಒಂದು ಪದವನ್ನು ಸೂಚಿಸಿ, ಅದರ ಗುಣದೋಷಗಳನ್ನು ಚರ್ಚಿಸಿರಿ.
4. ಓಆರ್‌ಎಸ್ ಕುಡಿಸುವ ಕ್ರಮವನ್ನು, ಉಪ್ಪು ಮತ್ತು ಸಕ್ಕರೆ ಎರಡೂ ಏಕೆ ಬೇಕೆಂಬ ಕಾರಣಸಹಿತ, ಓದು ಕಡಿಮೆಯಿರುವವರಿಗೂ ತಿಳಿಯುವಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ.